ಮಗುಚುವ ಪ್ಲೇನರ್ ಸ್ಟ್ಯಾಂಡು: ತಪ್ಪು ಮಷೀನಿನದೋ, ಸ್ಟ್ಯಾಂಡಿನದೋ?

ಮೈಸೂರಿನ ಮೂವತ್ತು ನಲವತ್ತು ಸೈಟಿನ ಮನೆಗಳಲ್ಲಿ ಮರಗೆಲಸಕ್ಕೆ ಸಿಗುವ ಜಾಗ ಎಂದರೆ ಪೋರ್ಟಿಕೋ. ಅಲ್ಲೇ ಸ್ಕೂಟರ್ ನಿಲ್ಲಬೇಕು, ಅಲ್ಲೇ ಚಪ್ಪಲಿ ಗೂಡು ಇರಬೇಕು. ಇದರ ನಡುವೆ 12 ಇಂಚಿನ ಥಿಕ್ನೆಸ್ ಪ್ಲೇನರ್, ಅಂದರೆ ಹಲಗೆಯ ಮೈ ಹೆರೆದು ಎಲ್ಲ ಕಡೆ ಒಂದೇ ದಪ್ಪಕ್ಕೆ ತರುವ ಮಷೀನು, ಇಟ್ಟುಕೊಳ್ಳೋರಿಗೆ ಮಗುಚುವ ಸ್ಟ್ಯಾಂಡೇ ಗತಿ. ಎರಡು ಪಕ್ಕದಲ್ಲಿ ನಿಂತ ಪ್ಲೈವುಡ್, ಅವೆರಡರ ನಡುವೆ ಒಂದು ಪೈಪು, ಆ ಪೈಪಿನ ಮೇಲೆ ತಿರುಗುವ ಮೇಲ್ಹಲಗೆ. ಒಂದು ಮಗ್ಗುಲಿಗೆ ಪ್ಲೇನರ್, ಇನ್ನೊಂದು ಮಗ್ಗುಲಿಗೆ ಸ್ಯಾಂಡರ್ರೋ ಬರೀ ಟೇಬಲ್ಲೋ. ಕೆಲಸ ಮುಗಿದ ಮೇಲೆ ಮಗುಚಿದರೆ ಪ್ಲೇನರ್ ತಲೆಕೆಳಗಾಗಿ ಒಳಗೆ ಸೇರುತ್ತದೆ. ಎರಡಡಿ ಚೌಕದಲ್ಲಿ ಎಲ್ಲ ಮುಗಿಯುತ್ತದೆ.

ಕಟ್ಟೋದು ಕಷ್ಟವಿಲ್ಲ. ಕಟ್ಟಿದ ಮೇಲೆ ಶುರುವಾಗುವ ತೊಂದರೆಗಳೇ ಬೇರೆ. ಹಲಗೆಯ ತುದಿ ಕಚ್ಚುತ್ತದೆ. ಒಂದು ಅಂಚು ದಪ್ಪ, ಇನ್ನೊಂದು ತೆಳು. ಮೇಲ್ಮೈ ಅಲೆ ಅಲೆ. ಸ್ಟ್ಯಾಂಡು ನಡುಗುತ್ತದೆ, ಜರುಗುತ್ತದೆ. ಹಲವರು ತಕ್ಷಣ ಬ್ಲೇಡಿನ ಮೇಲೆ ಗೂಬೆ ಕೂರಿಸುತ್ತಾರೆ. ಹೊಸ ಬ್ಲೇಡು ಹಾಕಿದರೂ ಅದೇ ಕಥೆ. ನಾನು ನೋಡಿದ ಮಟ್ಟಿಗೆ ಇಂಥ ಸ್ಟ್ಯಾಂಡಿನ ಮೇಲಿರುವ ಪ್ಲೇನರ್ ಕೆಟ್ಟ ಕೆಲಸ ಕೊಡುತ್ತಿದ್ದರೆ ಮೊದಲ ಅನುಮಾನ ಸ್ಟ್ಯಾಂಡಿನ ಮೇಲೇ ಇರಬೇಕು. ಅದನ್ನು ಖಚಿತ ಮಾಡಿಕೊಳ್ಳೋಕೆ ದುಡ್ಡು ಖರ್ಚಿಲ್ಲ.

ಮೊದಲು ನೆಲಕ್ಕಿಳಿಸಿ

ಪ್ಲಗ್ ಕೀಳಿ. ನಾಲ್ಕು ಬೋಲ್ಟು ಬಿಚ್ಚಿ. ಮಷೀನನ್ನು ಇಳಿಸಿ ನೆಲದ ಮೇಲಿಡಿ. ಒಬ್ಬರೇ ಎತ್ತೋಕೆ ಹೋಗಬೇಡಿ. ಈ ಪೋರ್ಟಬಲ್ ಮಷೀನುಗಳು ಹೆಸರಿಗೆ ಪೋರ್ಟಬಲ್, ತೂಕ 27–28 ಕೆಜಿಯಿಂದ ಹಿಡಿದು 40 ಕೆಜಿ ದಾಟುವವರೆಗೂ ಇದೆ.

ಪರೀಕ್ಷೆಗೆ ಪೋರ್ಟಿಕೋ ನೆಲ ಬೇಡ. ಮಳೆ ನೀರು ಗೇಟಿನ ಕಡೆ ಹರಿಯಲಿ ಅಂತ ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಹಾಲ್‌ನ ಟೈಲ್ಸ್ ಅಥವಾ ಗ್ರಾನೈಟ್ ನೆಲ ಸರಿ. ಕೆಳಗೆ ತೆಳು ರಬ್ಬರ್ ಶೀಟ್ ಹಾಸಿಕೊಳ್ಳಿ. ಮನೆಯವರು ಹೊರಗೆ ಹೋದ ಹೊತ್ತು ನೋಡಿಕೊಂಡರೆ ಒಳ್ಳೆಯದು, ಹೊಟ್ಟು ಸೋಫಾ ತನಕ ಹೋಗುತ್ತದೆ.

ಒಂದೇ ಮರದ ಎರಡು ತುಂಡು ಬೇಕು. ಒಂದು ಎರಡಡಿ, ಇನ್ನೊಂದು ಐದಡಿ. ಗಂಟು ಇರಬಾರದು, ಕೆಳಮೈ ಸಪಾಟಾಗಿರಬೇಕು. ಸಿಲ್ವರ್ ಓಕ್ ಆದರೆ ಸಾಕು, ಅದಕ್ಕೆ ತೇಗ ಹಾಳು ಮಾಡೋದು ಬೇಡ. ಅರ್ಧ ಮಿ.ಮೀ. ಕಟಿಂಗ್ ಇಟ್ಟು ಎರಡನ್ನೂ ನೆಲದ ಮೇಲೆ ಓಡಿಸಿ. ಐದಡಿಯದಕ್ಕೆ ಹಿಂದೆ ಮುಂದೆ ಮಷೀನಿನ ಟೇಬಲ್ ಎತ್ತರಕ್ಕೆ ಸರಿಯಾಗಿ ಏನಾದರೂ ಆಸರೆ ಕೊಡಿ. ಆಮೇಲೆ ಮಷೀನನ್ನು ಸ್ಟ್ಯಾಂಡಿಗೆ ಏರಿಸಿ, ಅದೇ ತುಂಡು, ಅದೇ ಕಟಿಂಗ್, ಅದೇ ದಿಕ್ಕು. ಪ್ರತಿ ಸಲ ಓಡಿಸಿದ ಮೇಲೂ ಫೋಟೋ ತೆಗೆದು, ಎರಡೂ ಅಂಚಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ನೆನಪಿನ ಮೇಲೆ ಬಿಟ್ಟರೆ ಎರಡೂ ಒಂದೇ ಥರ ಕಾಣುತ್ತವೆ.

ನೆಲದ ಮೇಲೆ ಎರಡೂ ಚೆನ್ನಾಗಿ ಬಂದು, ಸ್ಟ್ಯಾಂಡಿನ ಮೇಲೆ ಕೆಟ್ಟರೆ ಮಷೀನಿಗೆ ಏನೂ ಆಗಿಲ್ಲ. ಮುಂದಿನದೆಲ್ಲ ಸ್ಟ್ಯಾಂಡಿನ ಕೆಲಸ. ನೆಲದ ಮೇಲೂ ಕೆಟ್ಟರೆ ಸ್ಟ್ಯಾಂಡನ್ನು ಸದ್ಯಕ್ಕೆ ಮರೆತುಬಿಡಿ.

ನೆಲದ ಮೇಲೂ ಕೆಟ್ಟರೆ

ಇದನ್ನು ಬೇಗ ಮುಗಿಸೋಣ. ಹಲಗೆಯ ಉದ್ದಕ್ಕೂ ದಾರ ಎಳೆದ ಹಾಗೆ ಒಂದು ಸಣ್ಣ ಏಣು ಬಂದಿದ್ದರೆ ಬ್ಲೇಡಿನಲ್ಲಿ ಆ ಜಾಗದಲ್ಲಿ ಚೂರು ಎದ್ದಿದೆ. ಮೊಳೆಯೋ ಮರಳೋ ತಗುಲಿದೆ ಅಂತ ಅರ್ಥ. ಮರ ಒಳಗೆ ಹೋಗದೆ ನಡುವೆ ನಿಂತು ನಿಂತು ಹೋದರೆ ರೋಲರ್‌ಗೆ ಅಂಟು ಹಿಡಿದಿದೆ, ಇಲ್ಲವೇ ಕೆಳಗಿನ ಹಾಸಿಗೆ, ಅಂದರೆ ಮಷೀನಿನೊಳಗೆ ಮರ ಜಾರುವ ತಳ, ಒರಟಾಗಿದೆ. ರೋಲರ್ ಒರೆಸಿ, ಹಾಸಿಗೆಗೆ ಮೇಣ ಹಚ್ಚಿ. ಸುಟ್ಟ ವಾಸನೆ, ಎದ್ದ ನಾರು, ಮಷೀನಿನ ನರಳಾಟ ಮೂರೂ ಇದ್ದರೆ ಬ್ಲೇಡು ಮೊಂಡಾಗಿದೆ. ತೇಗ ಜಾಸ್ತಿ ಓಡಿಸುವವರಿಗೆ ಇದು ಬೇಗ ಬರುತ್ತದೆ, ತೇಗದೊಳಗೆ ಸಿಲಿಕಾ ಇರುತ್ತದೆ.

ಅಲೆಗಳ ವಿಷಯಕ್ಕೆ ಮಾತ್ರ ಸ್ವಲ್ಪ ಲೆಕ್ಕ ಬೇಕು. ಮಕಿಟಾ 2012ಎನ್‌ಬಿ ಮಷೀನನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 8,500 ಸುತ್ತು, ಎರಡು ಬ್ಲೇಡು, ಮರ ನಿಮಿಷಕ್ಕೆ 8.5 ಮೀಟರ್ ಹೋಗುತ್ತದೆ. ಅಂದರೆ 8,500 ಮಿ.ಮೀ.ಗೆ 17,000 ಏಟು. ಒಂದು ಮಿ.ಮೀ.ಗೆ ಎರಡು. ಬ್ಲೇಡಿನ ಗುರುತು ಅರ್ಧ ಮಿ.ಮೀ. ಅಂತರದಲ್ಲಿರಬೇಕು. ಒಂದು ಬ್ಲೇಡು ಇನ್ನೊಂದಕ್ಕಿಂತ ಹೊರಗೆ ಬಂದಿದ್ದರೆ 1 ಮಿ.ಮೀ. ಅಂತರ. ಟಾರ್ಚನ್ನು ಓರೆಯಾಗಿ ಹಿಡಿದರಷ್ಟೇ ಇವು ಕಾಣುತ್ತವೆ. ನಿಮ್ಮ ಹಲಗೆಯಲ್ಲಿ 10–20 ಮಿ.ಮೀ. ಅಂತರದ ಅಲೆ ಇದ್ದರೆ ಅದು ಬ್ಲೇಡಿನ ಕೆಲಸವಲ್ಲ. ಆ ವೇಗದಲ್ಲಿ ಮರ ಸೆಕೆಂಡಿಗೆ ಸುಮಾರು 140 ಮಿ.ಮೀ. ಹೋಗುತ್ತದೆ. 14 ಮಿ.ಮೀ. ಅಂತರ ಎಂದರೆ ಸೆಕೆಂಡಿಗೆ ಹತ್ತು ಸಲ ಏನೋ ಒಂದು ಅಲ್ಲಾಡುತ್ತಿದೆ. ಅಷ್ಟು ನಿಧಾನ ಅಲ್ಲಾಡೋದು ಮರವೇ ಇರಬೇಕು, ಇಲ್ಲ ಸ್ಟ್ಯಾಂಡೇ ಇರಬೇಕು.

ಚಿಕ್ಕದು ಚೆನ್ನ, ಉದ್ದದ್ದು ಕೆಟ್ಟಿದೆ

ಸ್ಟ್ಯಾಂಡಿನ ಮೇಲೆ ಎರಡಡಿ ತುಂಡು ಸರಿಯಾಗಿ ಬಂದು, ಐದಡಿಯದರಲ್ಲಿ ಮಾತ್ರ ತುದಿ ಕಚ್ಚುತ್ತಿದೆಯೇ? ಹಾಗಿದ್ದರೆ ಅರ್ಧ ಉತ್ತರ ಸಿಕ್ಕಿತು.

ತುದಿ ಕಚ್ಚೋದು, ಅಂದರೆ ಮ್ಯಾನ್ಯುಯಲ್‌ನಲ್ಲಿ ಸ್ನೈಪ್ ಅಂತ ಬರೆದಿರುವುದು, ಹೇಗೆ ಆಗುತ್ತದೆ ನೋಡಿ. ಬ್ಲೇಡಿನ ಹಿಂದೊಂದು, ಮುಂದೊಂದು ರೋಲರ್ ಮರವನ್ನು ಒತ್ತಿ ಹಿಡಿದಿರುತ್ತದೆ. ಹಲಗೆಯ ಬಾಲ ಮೊದಲ ರೋಲರ್ ಬಿಟ್ಟ ಮೇಲೆ ಹಿಡಿತ ಒಂದೇ ರೋಲರಿನದು. ಆ ಹೊತ್ತಿಗೆ ಮುಂದಿನ ತುದಿ ಕೆಳಗೆ ತೂಗಿದರೆ ಬಾಲ ಮೇಲೇಳುತ್ತದೆ. ಕೂದಲೆಳೆಯಷ್ಟು ಎದ್ದರೂ ಬ್ಲೇಡು ಅಲ್ಲಿ ಆಳಕ್ಕೆ ಇಳಿಯುತ್ತದೆ. ಕಚ್ಚಿದ ಭಾಗದ ಉದ್ದ ಸಾಮಾನ್ಯವಾಗಿ ಎರಡು ಮೂರು ಇಂಚು, ಬ್ಲೇಡಿಗೂ ರೋಲರಿಗೂ ಎಷ್ಟು ದೂರವೋ ಅಷ್ಟು. ಸ್ಕೇಲ್ ಇಟ್ಟು ಅಳೆದು ನೋಡಿ, ತಾಳೆಯಾಗುತ್ತದೆ.

ಸ್ಟ್ಯಾಂಡು ಇದರಲ್ಲಿ ಎಲ್ಲಿ ಬರುತ್ತದೆ? ಮೇಲ್ಹಲಗೆ ಪೈಪಿನ ಮೇಲೆ ಏತದ ಹಾಗೆ ತಲೆಯಾಡಿಸಿದರೆ ಮಷೀನೂ ಅದರ ಜೊತೆ ತಲೆಯಾಡಿಸುತ್ತದೆ. ಚಿಕ್ಕ ತುಂಡು ಪೂರ್ತಿ ಮಷೀನಿನ ಮೇಲೇ ಇರುವುದರಿಂದ ಅದೂ ಜೊತೆಗೇ ವಾಲುತ್ತದೆ, ಗುರುತು ಬೀಳುವುದಿಲ್ಲ. ಉದ್ದದ ಹಲಗೆಯ ಒಂದು ತುದಿ ಹೊರಗೆ ರೋಲರ್ ಸ್ಟ್ಯಾಂಡಿನ ಮೇಲೋ ಹುಡುಗನ ಕೈಯಲ್ಲೋ ಇರುತ್ತದೆ. ಅದು ಅಲ್ಲಾಡದು, ಮಷೀನು ವಾಲುತ್ತದೆ. ಎರಡರ ನಡುವೆ ಸಿಕ್ಕ ಮರ ಬ್ಲೇಡಿನ ಕಡೆಗೆ ಏಳುತ್ತದೆ. ಉದ್ದದ ಹಲಗೆಯಲ್ಲೇ ಬರುವ ಆ ಅಗಲ ಅಲೆಗಳಿಗೂ ಇದೇ ಕಾರಣ ಇರಬಹುದು.

ತಲೆಯಾಡುವುದನ್ನು ಅಳೆಯೋಕೆ ಡಯಲ್ ಗೇಜ್ ಬೇಕಿಲ್ಲ. ಪ್ಲಗ್ ಕಿತ್ತಿರಬೇಕು. ಮೇಲ್ಹಲಗೆಯ ಮುಂದಿನ ಅಂಚಿಗೆ ಬಿಳಿ ಕಾಗದ ಅಂಟಿಸಿ. ನೆಲದಿಂದ ಆ ಎತ್ತರಕ್ಕೆ ಇಟ್ಟಿಗೆ ಪೇರಿಸಿ, ಮೇಲಿನ ಇಟ್ಟಿಗೆಗೆ ಪೆನ್ಸಿಲ್ ಕಟ್ಟಿ, ಮೊನೆ ಕಾಗದಕ್ಕೆ ತಾಕುವಂತೆ ಜರುಗಿಸಿ. ಈಗ ಮಷೀನಿನ ಮಡಚುವ ಟೇಬಲ್‌ನ ಹೊರತುದಿಯನ್ನು ಅಂಗೈಯಲ್ಲಿ ಒತ್ತಿ, ಬಿಡಿ. ಉದ್ದ ಹಲಗೆ ಕೊಡುವಷ್ಟೇ ಭಾರ ಕೊಟ್ಟರೆ ಸಾಕು, ಮೇಲೆ ಹತ್ತಿ ಕೂರಬೇಡಿ. ಕಾಗದದ ಮೇಲೆ ಬಿದ್ದ ಗೀಟಿನ ಉದ್ದವೇ ನಿಮ್ಮ ಸ್ಟ್ಯಾಂಡಿನ ತಲೆಯಾಟ. ಬರೀ ಚುಕ್ಕೆ ಬಿದ್ದರೆ ಚೆನ್ನಾಗಿ ಕಟ್ಟಿದ್ದೀರಿ. ಅರ್ಧ ಮಿ.ಮೀ. ದಾಟಿದ ಗೀಟು ಬಿದ್ದರೆ ಬೀಗದ ಕಡೆ ನೋಡಿ.

ಬೀಗ ಮತ್ತು ಪೈಪು

ಮೇಲ್ಹಲಗೆ ತಿರುಗದಂತೆ ಹಿಡಿಯೋಕೆ ಹಲವರು ಬಾಗಿಲಿಗೆ ಹಾಕುವ ಟವರ್ ಬೋಲ್ಟನ್ನೇ ಹಾಕಿರುತ್ತಾರೆ. ಅಗ್ಗ, ಸುಲಭ, ಕೈಗೆ ಸಿಗುತ್ತದೆ. ಆದರೆ ಅದು ಬಾಗಿಲಿಗೆ ಮಾಡಿದ್ದು. ಸಲೀಸಾಗಿ ಜಾರಲಿ ಅಂತ ಅದರೊಳಗೆ ಸಡಿಲ ಬಿಟ್ಟಿರುತ್ತಾರೆ. ಪೈಪಿನಿಂದ 22 ಸೆಂ.ಮೀ. ದೂರದಲ್ಲಿ ಟವರ್ ಬೋಲ್ಟು, 45 ಸೆಂ.ಮೀ. ದೂರದಲ್ಲಿ ಮಷೀನಿನ ಟೇಬಲ್‌ ತುದಿ ಅಂತಿಟ್ಟುಕೊಳ್ಳಿ. ಬೋಲ್ಟಿನ ಬಳಿ ಅರ್ಧ ಮಿ.ಮೀ. ಸಡಿಲ ಇದ್ದರೆ ತುದಿಯಲ್ಲಿ ಅದು 1 ಮಿ.ಮೀ. ಆಗುತ್ತದೆ. ಸಡಿಲ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಬೋಲ್ಟಿನ ತಲೆಗೂ ಪ್ಲೈಗೂ ಸೇರಿಸಿ ಹೆಬ್ಬೆರಳು ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಟೇಬಲ್ ಅಲ್ಲಾಡಿಸಿ. ಟಕ್ ಅಂದರೆ ಅದೇ ಕಳ್ಳ.

ಇದಕ್ಕೆ ಮದ್ದು ಎಂದರೆ ಜಾರುವ ಬೀಗ ಬಿಟ್ಟು ಎಳೆದು ಬಿಗಿಯುವ ಬೀಗ ಹಾಕೋದು. ಪಕ್ಕದ ಪ್ಲೈನ ಹೊರಗಿನಿಂದ 10 ಮಿ.ಮೀ. ಬೋಲ್ಟು ತೂರಿಸಿ, ಮೇಲ್ಹಲಗೆಯ ಅಂಚಿನೊಳಗೆ ಹುದುಗಿಸಿದ ನಟ್ಟಿಗೆ ಕಚ್ಚಿಸಿ. ತಿರುಗಿಸಿದಂತೆಲ್ಲ ಪಕ್ಕದ ಪ್ಲೈ ಮೇಲ್ಹಲಗೆಯನ್ನು ಅಪ್ಪಿ ಹಿಡಿಯುತ್ತದೆ. ಒಂದೊಂದು ಪಕ್ಕಕ್ಕೆ ಎರಡು, ಒಟ್ಟು ನಾಲ್ಕು. ನಟ್ಟುಗಳು ಪೈಪಿನಿಂದ ಎರಡೂ ಕಡೆ ಸರಿಸಮ ದೂರದಲ್ಲಿರಬೇಕು, ಇಲ್ಲದಿದ್ದರೆ ಮಗುಚಿದ ಮೇಲೆ ತೂತು ಕೂಡುವುದಿಲ್ಲ. ಅಗಲ ವಾಷರ್ ಹಾಕಿ, ಇಲ್ಲದಿದ್ದರೆ ಬೋಲ್ಟಿನ ತಲೆ ಪ್ಲೈ ಒಳಗೆ ಇಳಿದು ಮತ್ತೆ ಸಡಿಲ. ಪಕ್ಕಕ್ಕೆ 12 ಮಿ.ಮೀ. ಪ್ಲೈ ಹಾಕಿದ್ದರೆ ಅದೇ ಬಾಗುತ್ತದೆ. ಬೋಲ್ಟು ಬರುವ ಜಾಗಕ್ಕೆ ಒಳಗಿನಿಂದ ಇನ್ನೊಂದು ಪಟ್ಟಿ ಅಂಟಿಸೋಣ ಅನ್ನಿಸಬಹುದು, ಬೇಡ, ಅದು ಮೇಲ್ಹಲಗೆಗೆ ಅಡ್ಡ ಬರುತ್ತದೆ. ಹೊರಗಿನಿಂದ ಅಂಟಿಸಿ.

ಇನ್ನೂ ಗಟ್ಟಿ ಬೇಕು ಎನ್ನುವವರು ಮೇಲ್ಹಲಗೆಯ ಕೆಳಗೆ ಆಸರೆಗೆ ಪಟ್ಟಿ ಹೊಡೆಯುತ್ತಾರೆ. ಯೋಚನೆ ಸರಿ, ಆದರೆ ಮೊಳೆ ಹೊಡೆದು ಕೂರಿಸಿದ ಪಟ್ಟಿ ಮಗುಚುವಾಗ ಅಡ್ಡ ಬರುತ್ತದೆ. ಮುಂದೊಂದು ಹಿಂದೊಂದು ಹೊಡೆದರಂತೂ ಯಾವ ಕಡೆಗೂ ತಿರುಗುವುದಿಲ್ಲ. ಪಟ್ಟಿ ಸರಿದು ಹೋಗುವಂತಿರಬೇಕು, ಇಲ್ಲ ಬಿಚ್ಚುವಂತಿರಬೇಕು. ನನ್ನ ಆಯ್ಕೆ ಹಳೇ ಕಾಲದ್ದು: ಪಕ್ಕದ ಪ್ಲೈಗಳಲ್ಲಿ ಮೇಲ್ಹಲಗೆಗಿಂತ ತುಸು ಕೆಳಗೆ ತೂತು ಕೊರೆದು, ಮುಂದೊಂದು ಹಿಂದೊಂದು ಅಡ್ಡಪಟ್ಟಿ ತೂರಿಸಿ, ಅದಕ್ಕೂ ಮೇಲ್ಹಲಗೆಗೂ ನಡುವೆ ತೇಗದ ಬೆಣೆ ಬಡಿಯೋದು. ಕೊಡತಿಯಲ್ಲಿ ಎರಡು ಏಟು ಕೊಟ್ಟರೆ ಭಾರವೆಲ್ಲ ಪೈಪಿನಿಂದ ಬೆಣೆಗೆ ಬರುತ್ತದೆ. ನಾಲ್ಕೂ ಮೂಲೆಯಲ್ಲಿ ಬೆಣೆ ಬಡಿಯುವ ಮುಂಚೆ ತೆಳು ಕಾಗದದ ಚೂರು ಇಟ್ಟು, ಬಡಿದ ಮೇಲೆ ಎಳೆದು ನೋಡಿ. ಯಾವ ಮೂಲೆಯ ಕಾಗದ ಹರಿಯದೆ ಬರುತ್ತದೋ ಆ ಮೂಲೆ ಕೂತಿಲ್ಲ.

ಈಗ ಪೈಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಮುಕ್ಕಾಲು ಇಂಚು ಜಿಐ ಪೈಪು ಎಂದು ಕೇಳಿ ತಂದದ್ದರ ಹೊರ ಅಳತೆ ಮುಕ್ಕಾಲು ಇಂಚಲ್ಲ, 26.9 ಮಿ.ಮೀ. ಅರ್ಧ ಇಂಚಿನದು 21.3, ಒಂದು ಇಂಚಿನದು 33.7. ಇದರಿಂದ ಎರಡು ತೊಂದರೆ ಹುಟ್ಟುತ್ತವೆ. ಒಂದು, ಡ್ರಿಲ್ ಕಿಟ್‌ನಲ್ಲಿ 27ರ ಹೋಲ್ ಸಾ ಇರುವುದಿಲ್ಲ, ಇದ್ದ 32ರಲ್ಲಿ ತೂತು ಹೊಡೆಯುತ್ತಾರೆ. ಒಟ್ಟು 5 ಮಿ.ಮೀ. ಸಡಿಲ. ಭಾರ ಪೈಪಿನ ಮೇಲೇ ಇದ್ದರೆ ಮಷೀನು ಶುರುವಾದ ಕೂಡಲೇ ಗಡಗಡ ಸದ್ದು. ಹೆಬ್ಬಾಳ ಅಥವಾ ಯಾದವಗಿರಿ ಇಂಡಸ್ಟ್ರಿಯಲ್ ಏರಿಯಾ ಕಡೆಯ ಲೇತ್ ಅಂಗಡಿಯಲ್ಲಿ ಹೊರಗೆ 32, ಒಳಗೆ 27 ಇರುವ ನೈಲಾನ್ ಬುಷ್ ಎರಡು ಮಾಡಿಸಿಕೊಂಡರೆ ಆ ಸದ್ದು ಹೋಗುತ್ತದೆ. ಹೊಸದಾಗಿ ಕಟ್ಟುವವರು ಪೈಪೇ ಬಿಟ್ಟು 25 ಮಿ.ಮೀ. ಗಟ್ಟಿ ಕಬ್ಬಿಣದ ರಾಡು ತನ್ನಿ. ಅಳತೆ ಹೊರಗಿನದೇ ಆಗಿರುತ್ತದೆ, 25ರ ಡ್ರಿಲ್ ಬಿಟ್ ಎಲ್ಲ ಕಡೆ ಸಿಗುತ್ತದೆ. ಮೀಟರಿಗೆ ನಾಲ್ಕು ಕೆಜಿ ಒಳಗೇ.

ಎರಡನೆಯದು ಹೊರಗೆ ಕಾಣದ ತೊಂದರೆ. ಮೇಲ್ಹಲಗೆ ಎಂದರೆ ಎರಡು ಪ್ಲೈ ಶೀಟು, ನಡುವೆ ಪಟ್ಟಿಗಳು, ಪಟ್ಟಿಗಳ ಸಂದಿಯಲ್ಲಿ ಪೈಪು. ಪೈಪು ಮುಕ್ಕಾಲು ಇಂಚು ಅಂದುಕೊಂಡು 19 ಮಿ.ಮೀ. ಪ್ಲೈ ತುಂಡುಗಳನ್ನೇ ಪಟ್ಟಿಯಾಗಿ ಹಾಕಿ, ಸ್ಕ್ರೂ ಬಿಗಿದು ಬಿಗಿದು ಶೀಟುಗಳನ್ನು ಸೇರಿಸಿರುತ್ತಾರೆ. 27ರ ಪೈಪು 19ರ ಸಂದಿಯಲ್ಲಿ ಎಲ್ಲಿ ಹೋಗಬೇಕು? ಶೀಟು ನಡುವೆ ಉಬ್ಬುತ್ತದೆ. ಉಬ್ಬಿನ ಮೇಲೆ ಮಷೀನು ಕೂರುತ್ತದೆ. ಅಲ್ಯೂಮಿನಿಯಂ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಅಂಚಿನ ಮೇಲೆ ನಿಲ್ಲಿಸಿ, ಆಚೆಯಿಂದ ಮೊಬೈಲ್ ಟಾರ್ಚ್ ಬಿಡಿ. ಎರಡು ತುದಿಯಲ್ಲಿ ಬೆಳಕು ತೂರಿ ನಡುವೆ ಕತ್ತಲಾದರೆ ಇದೇ ರೋಗ. ಬಿಚ್ಚಿ, 19ರ ಪಟ್ಟಿಗೆ 9ರ ಪ್ಲೈ ಸೇರಿಸಿ 28 ಮಾಡಿ ಮತ್ತೆ ಕೂಡಿಸದೆ ಬೇರೆ ದಾರಿಯಿಲ್ಲ.

ಒಂದು ಅಂಚು ದಪ್ಪ, ಒಂದು ತೆಳು

ಮಂಡ್ಯದ ಒಬ್ಬ ಆಚಾರ್ರ ಶೆಡ್ಡಿನಲ್ಲಿ ಇದೇ ತಕರಾರು. ಹಲಗೆಯ ಎಡ ಅಂಚಿಗೂ ಬಲ ಅಂಚಿಗೂ ಹತ್ತಿರ ಹತ್ತಿರ ಅರ್ಧ ನೂಲಿನ (ಸುಮಾರು ಒಂದೂವರೆ ಮಿ.ಮೀ.) ವ್ಯತ್ಯಾಸ. "ಬ್ಲೇಡು ಹೊಸ್ದೇ ಕಣಣ್ಣ, ಆದ್ರೂವೆ ಇಂಗೇ ಬತ್ತದೆ" ಎಂದರು. "ಆಚಾರ್ರೇ, ಮುಂದಿನ ಬಲಗಡೆ ಬೋಲ್ಟು ಒಂದೇ ಒಂದು ಬಿಚ್ಚಿ" ಎಂದೆ. ಬಿಚ್ಚುತ್ತಿದ್ದಂತೆ ಮಷೀನಿನ ಆ ಕಾಲು ತಾನಾಗೇ ಮೇಲೆದ್ದಿತು. ಕೆಳಗೆ ಬೆರಳುಗುರು ತೂರುವಷ್ಟು ಸಂದಿ. "ಅಯ್ಯೋ ಇವ್ನ, ಇದು ಕುಂತೇ ಇರ್ನಿಲ್ವಲ್ಲ!"

ಅಷ್ಟೇ ವಿಷಯ. ಮೇಲ್ಹಲಗೆ ತಿರುಚಿಕೊಂಡಿದ್ದರೆ ಮಷೀನಿನ ನಾಲ್ಕು ಕಾಲಲ್ಲಿ ಮೂರು ಕೂರುತ್ತವೆ, ನಾಲ್ಕನೆಯದು ತೇಲುತ್ತದೆ. ಬೋಲ್ಟು ಬಿಗಿದರೆ ತೇಲುವ ಕಾಲು ಕೆಳಗೆ ಬರುತ್ತದೆ, ಜೊತೆಗೆ ಮಷೀನಿನ ತಳವೂ ತಿರುಚುತ್ತದೆ. ಬ್ಲೇಡಿನ ತಲೆ ಹೊತ್ತ ಕಂಬಗಳು ಓರೆಯಾಗಿ, ತಲೆ ಹಾಸಿಗೆಗೆ ಸಮನಾಗಿ ನಿಲ್ಲುವುದಿಲ್ಲ. ನೆಲದ ಮೇಲೆ ಸರಿಯಿದ್ದು ಸ್ಟ್ಯಾಂಡಿನ ಮೇಲೆ ಮಾತ್ರ ಹೀಗಾದರೆ ಬ್ಲೇಡಿನ ಸೆಟಿಂಗ್ ಮುಟ್ಟಲೇಬೇಡಿ. ಮುಟ್ಟಿದರೆ ಒಂದರ ಬದಲು ಎರಡು ತಪ್ಪು ಹುಡುಕಬೇಕಾಗುತ್ತದೆ.

ನಾಲ್ಕೂ ಬೋಲ್ಟು ಸಡಿಲ ಮಾಡಿ, ಯಾವ ಕಾಲು ತೇಲುತ್ತಿದೆ ನೋಡಿ. ಹಳೇ ಮದುವೆ ಕಾರ್ಡನ್ನು ಪಟ್ಟಿಯಾಗಿ ಕತ್ತರಿಸಿ ಒಂದೊಂದೇ ತೂರಿಸುತ್ತಾ ಹೋಗಿ. ಎಳೆದರೆ ಬರದಷ್ಟು ಬಿಗಿಯಾದಾಗ ನಿಲ್ಲಿಸಿ, ಆಮೇಲೆ ಬೋಲ್ಟು ಹಾಕಿ. ಹಲಗೆ ಓಡಿಸಿ ಅಳೆಯಿರಿ. ಸರಿ ಬಂತು ಎಂದಾದ ಮೇಲೆ ಕಾರ್ಡು ತೆಗೆದು ಅಷ್ಟೇ ದಪ್ಪದ ತಗಡು ಹಾಕಿ. ಕಾಗದ ಅದುರಿ ಅದುರಿ ತೆಳ್ಳಗಾಗುತ್ತದೆ. ಮೇಲ್ಹಲಗೆ ತೀರಾ ತಿರುಚಿದ್ದರೆ ತಗಡಿನ ಆಟ ಬಿಟ್ಟು ಹೊಸದು ಮಾಡೋದೇ ಮೇಲು.

ಇಲ್ಲಿಗೇ ಸೇರಿದ್ದು ಇನ್ನೊಂದು. ಮಷೀನಿನ ಜೊತೆ ಬಂದ ಮಡಚುವ ಟೇಬಲ್‌ಗಳು ಮಗುಚಿ ಮಗುಚಿ ಹೊರತುದಿಯಲ್ಲಿ ಜೋತು ಬೀಳುತ್ತವೆ. ಆಗ ಚಿಕ್ಕ ಹಲಗೆಯೂ ತುದಿ ಕಚ್ಚಿಸಿಕೊಳ್ಳುತ್ತದೆ, ನೆಲದ ಮೇಲೂ ಕಚ್ಚುತ್ತದೆ. ಎರಡು ಹೊರತುದಿಗಳ ಮೇಲೆ ನೇರ ಪಟ್ಟಿ ಇಟ್ಟರೆ ನಡುವಿನ ಹಾಸಿಗೆಗೂ ಪಟ್ಟಿಗೂ ಮಧ್ಯೆ ಒಂದು ರೂಪಾಯಿ ನಾಣ್ಯ ಜಾರುವಷ್ಟು ಸಂದಿ ಇರಬೇಕು. ಅಂದರೆ ಹೊರತುದಿಗಳು ತುಸು ಮೇಲೆ. ಟೇಬಲ್ ಕೆಳಗಿನ ಸ್ಕ್ರೂನಲ್ಲಿ ಸರಿಮಾಡಿಕೊಳ್ಳಬಹುದು. ನಿಮ್ಮ ಮಷೀನಿನಲ್ಲಿ ತಲೆ ಲಾಕ್ ಮಾಡುವ ಹಿಡಿ ಇದ್ದರೆ ಅದನ್ನು ಹಾಕಿದ್ದೀರಾ ಅಂತಲೂ ನೋಡಿ.

ಸ್ಟ್ಯಾಂಡು ಪೂರ್ತಿ ಓಲಾಡುತ್ತದೆ, ಜರುಗುತ್ತದೆ

ಈ ಸ್ಟ್ಯಾಂಡಿಗೆ ಹಿಂದಿನ ಗೋಡೆ ಹಾಕೋಕೆ ಆಗಲ್ಲ, ಮಷೀನು ಮಗುಚಿ ಹೋಗಬೇಕಲ್ವಾ? ಹಾಗಾಗಿ ಪಕ್ಕದ ಎರಡು ಪ್ಲೈಗಳನ್ನು ಹಿಡಿದಿರೋದು ತಳದ ಹಲಗೆ ಮತ್ತು ಪೈಪು ಮಾತ್ರ. ಮೂಲೆಮಟ್ಟವನ್ನು ತಳಕ್ಕೂ ಪಕ್ಕಕ್ಕೂ ಸೇರಿಸಿ ಹಿಡಿದು ಮೇಲ್ಭಾಗವನ್ನು ಪಕ್ಕಕ್ಕೆ ತಳ್ಳಿ. ಮೂಲೆ ತೆರೆದು ಮುಚ್ಚಿದರೆ ಚೌಕಟ್ಟೇ ಸಡಿಲ. ಇನ್ನಷ್ಟು ಸ್ಕ್ರೂ ಬಡಿಯೋದರಿಂದ ಉಪಯೋಗವಿಲ್ಲ. ತಳದಲ್ಲಿ ಒಂದೇ ಹಲಗೆ ಬದಲು ನಾಲ್ಕೈದು ಇಂಚು ಎತ್ತರದ ಮುಚ್ಚಿದ ಪೆಟ್ಟಿಗೆ ಮಾಡಿ, ಪಕ್ಕದ ಪ್ಲೈಗಳನ್ನು ಅದಕ್ಕೆ ಅಂಟು ಹಾಕಿ ಕೂರಿಸಿ. ಮಷೀನು ತಿರುಗುವ ಸುತ್ತಿನ ಹೊರಗೆ ಜಾಗ ಉಳಿದಿದ್ದರೆ ಹಿಂದಿನ ಕೆಳಭಾಗಕ್ಕೆ ಒಂದು ಅಡ್ಡ ಪ್ಲೈ ಕೊಡಿ. ಪೆಟ್ಟಿಗೆಯೊಳಗೆ ಮರಳು ಚೀಲ ಇಟ್ಟರೆ ಇನ್ನೂ ನಿಲ್ಲುತ್ತದೆ.

ಮೂಲೆ ಗಟ್ಟಿಯಾಗಿದ್ದೂ ಓಲಾಡಿದರೆ ನೆಲದ ಇಳಿಜಾರು. ಪೋರ್ಟಿಕೋದಲ್ಲಿ ರಸಮಟ್ಟ ಇಟ್ಟು ನೋಡಿ. ಹಳೇ ಮನೆಗಳಲ್ಲಿ ಕಡಪ ಕಲ್ಲಿನ ಒಂದೊಂದು ಚಪ್ಪಡಿ ಒಂದೊಂದು ಕಡೆ ವಾಲಿರುತ್ತದೆ. ನಾಲ್ಕು ಚಕ್ರದಲ್ಲಿ ಒಂದು ಯಾವಾಗಲೂ ಗಾಳಿಯಲ್ಲೇ. ಚಕ್ರದ ಬ್ರೇಕನ್ನೂ ನಂಬಬೇಡಿ. ಅಗ್ಗದ ಚಕ್ರದ ಬ್ರೇಕು ಉರುಳೋದನ್ನು ನಿಲ್ಲಿಸುತ್ತದೆ, ಚಕ್ರ ತನ್ನ ಕುತ್ತಿಗೆ ಮೇಲೆ ತಿರುಗೋದನ್ನು ನಿಲ್ಲಿಸಲ್ಲ. ಚಕ್ರದ ಸುತ್ತ ಸೀಮೆಸುಣ್ಣದಲ್ಲಿ ಗೀಟು ಹಾಕಿ ನಾಲ್ಕು ಹಲಗೆ ಓಡಿಸಿ. ಚಕ್ರ ಗೀಟು ದಾಟಿದ್ದರೆ ಗೊತ್ತಾಗುತ್ತದೆ. ಕೆಲಸದ ಹೊತ್ತಿಗೆ ಚಕ್ರಗಳು ನೆಲ ಬಿಡಬೇಕು. ನಾಲ್ಕು ಮೂಲೆಗೂ ಉದ್ದ ಬೋಲ್ಟಿನ ಕಾಲು ಕೊಟ್ಟು ತಿರುಗಿಸಿ ಎತ್ತಿದರೆ ಇಳಿಜಾರಿಗೂ ಅದೇ ಪರಿಹಾರ, ಜರುಗೋದಕ್ಕೂ ಅದೇ. ಕಾಲಿನ ತಳಕ್ಕೆ ಹಳೇ ಟೈರಿನ ತುಂಡು ಅಂಟಿಸಿ.

ಮಗುಚುವಾಗ ಬರುವ ತೊಂದರೆಗಳು

ಬೀಗ ತೆಗೆದ ಕೂಡಲೇ ಮಷೀನು ತಾನೇ ಧಡ್ ಅಂತ ತಿರುಗಿದರೆ ಅದನ್ನು ಸಣ್ಣ ವಿಷಯ ಅಂತ ಬಿಡಬೇಡಿ. 40 ಕೆಜಿ ತಿರುಗುವಾಗ ನಡುವೆ ಸಿಕ್ಕ ಬೆರಳು ಉಳಿಯುವುದಿಲ್ಲ. ಮಷೀನಿನ ಭಾರ ಪೈಪಿನ ಮೇಲ್ಗಡೆ ಇರುವುದರಿಂದ ಅದು ಕೆಳಗೆ ಬರೋಕೇ ನೋಡುತ್ತದೆ. ಹಿಂದೆ ಮುಂದೆ ಭಾರ ಸಮನಾಗಿಲ್ಲದಿದ್ದರೆ ಇನ್ನೂ ಜೋರು. ಮಷೀನಿನ ಕೆಳಗೆ, ಪೈಪು ಬರುವ ಗೆರೆಯಲ್ಲಿ ಒಂದು ಉರುಟು ಕೋಲಿಟ್ಟು ಇಬ್ಬರು ಹಿಡಿದು ತೂಗಿ ನೋಡಿ, ಯಾವ ಕಡೆ ವಾಲುತ್ತದೆ ಅಂತ. ಅದರ ಪ್ರಕಾರ ಮಷೀನನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ಬೋಲ್ಟು ಹಾಕಿ. ಇನ್ನೊಂದು ಮಗ್ಗುಲಲ್ಲಿ ಹೆಚ್ಚುಕಮ್ಮಿ ಅಷ್ಟೇ ತೂಕದ ಮಷೀನಿದ್ದರೆ ಒಂದು ಕೈಯಲ್ಲಿ ತಿರುಗುತ್ತದೆ. ಬರೀ ಪ್ಲೇನರ್ ಇದ್ದರೆ ಇಬ್ಬರು ಬೇಕು.

ಅರ್ಧ ತಿರುಗಿ ಸಿಕ್ಕಿಹಾಕಿಕೊಂಡರೆ ಅಳತೆ ತಪ್ಪಿದೆ. ಮಷೀನಿನ ಎತ್ತರ ಮಾತ್ರ ನೋಡಿದರೆ ಸಾಲದು, ಪೈಪಿನಿಂದ ದೂರದ ಮೂಲೆಗೆ ಎಷ್ಟು ಅಂತ ಅಳೆಯಬೇಕು. ಎತ್ತರ 45 ಸೆಂ.ಮೀ., ಪೈಪಿನಿಂದ ಮುಂದಕ್ಕೆ 25 ಸೆಂ.ಮೀ. ಇದ್ದರೆ ಮೂಲೆ 51.5 ಸೆಂ.ಮೀ. ದೂರದಲ್ಲಿದೆ. ಪೈಪಿನಿಂದ ತಳಕ್ಕೆ 50 ಬಿಟ್ಟಿದ್ದರೆ ತಾಗುತ್ತದೆ. ಮೇಲಿರುವ ಕೈಹಿಡಿಯನ್ನೂ ಅಳತೆಗೆ ಸೇರಿಸಿಕೊಳ್ಳಿ. ಹೋದ ವರ್ಷ ಸಲೀಸಾಗಿ ತಿರುಗುತ್ತಿದ್ದದ್ದು ಈ ಮಳೆಗಾಲದಲ್ಲಿ ಉಜ್ಜುತ್ತಿದ್ದರೆ ಪ್ಲೈ ಅಂಚು ನೀರು ಕುಡಿದು ಊದಿದೆ. ಪೋರ್ಟಿಕೋದಲ್ಲಿ ಎರಚಲು ಬಡಿಯುವ ಜಾಗಕ್ಕೆ ಸಾದಾ ಎಂಆರ್ (ತೇವ ಮಾತ್ರ ತಡೆಯುವ) ಪ್ಲೈ ನಿಲ್ಲುವುದಿಲ್ಲ. ಐಎಸ್ 710 ಮುದ್ರೆಯ ಮರೀನ್ ಪ್ಲೈ ತೆಗೆದುಕೊಳ್ಳಿ, ಅಂಚಿಗೆ ಪ್ರೈಮರ್ ಹೊಡೆಯಿರಿ. ಉಜ್ಜುವ ಅಂಚನ್ನು ಹತ್ತರಿಯಲ್ಲಿ ಎರಡೆಳೆ ತೆಗೆಯಬಹುದು, ಆದರೆ ಬೇಸಿಗೆಯಲ್ಲಿ ಅಷ್ಟು ಸಂದಿ ಬೀಳುತ್ತದೆ ಅನ್ನೋದು ಗೊತ್ತಿರಲಿ. ಆಗ ಎಳೆದು ಬಿಗಿಯುವ ಬೋಲ್ಟು ಇದ್ದವರಿಗೆ ಚಿಂತೆಯಿಲ್ಲ.

ಮಗುಚುವ ಮುಂಚೆ ಮಡಚುವ ಟೇಬಲ್‌ಗಳನ್ನು ಬೆಲ್ಟಿನಲ್ಲಿ ಕಟ್ಟಿ. ಒಳಗಿನ ಹೊಟ್ಟನ್ನು ಎಳೆದು ತೆಗೆಯಿರಿ, ಇಲ್ಲದಿದ್ದರೆ ತಲೆಕೆಳಗಾದಾಗ ಅದು ಮೋಟಾರ್ ಕಡೆ ಇಳಿಯುತ್ತದೆ.

ಸ್ಟ್ಯಾಂಡಿಗೆ ಏರಿಸಿದ ಮೇಲೆ ಮಷೀನಿಗೆ ಶಕ್ತಿ ಇಲ್ಲ

ಇದು ಬೀಗದ ತಪ್ಪಲ್ಲ, ವೈರಿನದು. 1,650–1,800 ವ್ಯಾಟ್ ಮಷೀನು 230 ವೋಲ್ಟಿನಲ್ಲಿ 7–8 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ಪೋರ್ಟಿಕೋದ 6 ಆಂಪ್ ಪ್ಲಗ್ಗಿನಿಂದ, ಟಿವಿಗೆ ತಂದ ತೆಳು ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಇದು ನಡೆಯಲ್ಲ. 16 ಆಂಪ್ ಪಾಯಿಂಟ್ ಬೇಕು. ಉದ್ದ ವೈರ್ ಬೇಕೇ ಬೇಕು ಎಂದರೆ 2.5 ಚದರ ಮಿ.ಮೀ. ತಾಮ್ರದ್ದು, ಸುರುಳಿ ಪೂರ್ತಿ ಬಿಚ್ಚಿ ಹಾಸಿರಬೇಕು. ಹಲಗೆ ಓಡುತ್ತಿರುವಾಗ ಪ್ಲಗ್ ಪಾಯಿಂಟಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ ನೋಡಿ. ಹಳ್ಳಿ ಕಡೆ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತಿದ್ದರೆ ಬೇರೆ ಹೊತ್ತಿನಲ್ಲಿ ಅದೇ ಹಲಗೆ ಓಡಿಸಿ ಹೋಲಿಸಿ.

ಬಿಟ್ಟು ಬಿಟ್ಟು ನಿಲ್ಲುತ್ತಿದ್ದರೆ ಮಷೀನಿನದೇ ವೈರ್ ನೋಡಿ. ಪ್ಲಗ್ ಕಿತ್ತು, ಮಗುಚುವಾಗ ಅದು ಪಕ್ಕದ ಪ್ಲೈಗೂ ಮೇಲ್ಹಲಗೆಗೂ ನಡುವೆ ಸಿಗುವ ಜಾಗದಲ್ಲಿ ಬೆರಳಾಡಿಸಿ. ಚಪ್ಪಟೆಯಾಗಿದ್ದರೆ ಅಥವಾ ಕವಚ ಸೀಳಿದ್ದರೆ ಟೇಪು ಸುತ್ತಿ ಮುಂದುವರಿಸಬೇಡಿ, ವೈರನ್ನೇ ಬದಲಿಸಿ. ಹೊಸ ವೈರನ್ನು ಪೈಪಿನ ಹತ್ತಿರ ಕ್ಲಿಪ್ ಹಾಕಿ ಹಿಡಿಸಿ, ಒಂದು ಗೇಣು ಸಡಿಲ ಬಿಟ್ಟು, ಪ್ರತಿ ಸಲವೂ ಒಂದೇ ದಿಕ್ಕಿಗೆ ಮಗುಚದೆ ಹೋದ ದಾರಿಯಲ್ಲೇ ವಾಪಸ್ ತಿರುಗಿಸಿ. ಆಗ ಅದು ಪೈಪಿಗೆ ಸುತ್ತಿಕೊಳ್ಳುವುದಿಲ್ಲ.